ಬಾಯಿಲ್ಲದವಕ್ಕೆ ಇಟ್ಟ ಎಡೆ

ನಮ್ಮ ಸಾರ್ ಯಾರ ಮನೆಗೆ ಹೋದರೂ ಮೊದಲು ಒಂದು ಲೋಟ ನೀರು ಕೇಳುತ್ತಿದ್ದರು. ಕೊಟ್ಟರೆ ಕುಡಿಯುತ್ತಿರಲಿಲ್ಲ. ಜೇಬಿನಿಂದ ಉಗುರಿನಷ್ಟು ಎರಡು ಚೂರು ತೆಗೆದು ನೀರಿಗೆ ಹಾಕಿ, ಬೆರಳಿನಿಂದ ಅದ್ದಿ ಬಿಡುತ್ತಿದ್ದರು. ಒಂದು ಚೂರು ತಿರುಗಿ ಮೇಲೆ ಬರುತ್ತಿತ್ತು. ಇನ್ನೊಂದು ತಳಕ್ಕೆ ಹೋಗಿ ಕೂತುಬಿಡುತ್ತಿತ್ತು. "ತೇಲಿದ್ದು ಅಂಗಡಿ ಕವರು. ಮುಳುಗಿದ್ದು ನಮ್ಮ ಮಕ್ಕಳು ಮಾಡಿದ್ದು" ಅನ್ನೋರು. ಮನೆಯವರು ಪಾಪ, ನಿಮಗೆ ಎಷ್ಟು ಮಕ್ಕಳು, ಯಾವ ಫ್ಯಾಕ್ಟರಿಯಲ್ಲಿದ್ದಾರೆ ಅಂತ ವಿಚಾರಿಸೋರು. ಸಾರ್‌ಗೆ ಇದ್ದದ್ದು ಒಬ್ಬಳೇ ಮಗಳು. 'ನಮ್ಮ ಮಕ್ಕಳು' ಅಂದರೆ ಲ್ಯಾಬಿನ ಗಾಜಿನ ಸೀಸೆಗಳಲ್ಲಿ ಸಾಕಿದ ಬ್ಯಾಕ್ಟೀರಿಯಾಗಳು. ಆದೋನಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದವನು ಇವರನ್ನು ದೂರದಿಂದ ಕಂಡರೇ ಸಾಕು, ಕೇಳದೆ ಒಂದು ಲೋಟ ನೀರು ಬೇರೆ ಇಡುತ್ತಿದ್ದ.

ಹೋದ ಮಾಘದಲ್ಲಿ ಸಾರ್ ತೀರಿಕೊಂಡರು. ಅವರು ಪಾಠ ಮಾಡಿದ ಕಾಲೇಜಿನಲ್ಲಿ ಸಭೆ ಮಾಡಿದರು. ಆಂಧ್ರದ ಊರು, ಎಲ್ಲರೂ ತೆಲುಗಿನಲ್ಲಿ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಎಷ್ಟು ವರ್ಷ ಸರ್ವೀಸು, ಯಾವ ಯಾವ ಡಿಗ್ರಿ ಎಲ್ಲ ಬಂತು. ನೀರಿನ ಲೋಟದ ಸುದ್ದಿ ಯಾರೂ ಎತ್ತಲಿಲ್ಲ. ಕಡೆಗೆ ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, "ನುವ್ವು ಕೂಡಾ ರೆಂಡು ಮಾಟಲು ಚೆಪ್ಪಮ್ಮಾ" ಅಂದರು. ನೀನೂ ಎರಡು ಮಾತು ಹೇಳು ಅಂತ. ನಾನು ಎದ್ದೆ, ಫೋಟೋಕ್ಕೆ ಕೈ ಮುಗಿದೆ, ಕೂತೆ. ನಾನು ಓದಿದ್ದೇ ತೆಲುಗಿನಲ್ಲಿ, ಭಾಷೆ ಬಾರದೆ ಕೂತವಳಲ್ಲ. ಹೇಳಬೇಕಾದ್ದು ಎರಡೇ ಮಾತು ಇತ್ತು, ಆ ಎರಡು ಮಾತು ಬಾಯಿಗೆ ಬರಲಿಲ್ಲ. ಸಾರ್ ಜೊತೆ ಇಪ್ಪತ್ತು ವರ್ಷ ಮಾತಾಡಿದ್ದೆಲ್ಲ ಕನ್ನಡದಲ್ಲಿ. ಅದಕ್ಕೇ ಈಗ ಕೂತು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಬೀರಮ್ಮ. ಅದೇ ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ತವರು ಚಿಪ್ಪಗಿರಿ ಕಡೆಯ ಸಣ್ಣ ಊರು, ಅಪ್ಪನ ಕಾಲದಿಂದಲೂ ಕುರಿ. ಇಂಟರ್, ಅಂದರೆ ನಿಮ್ಮ ಕಡೆಯ ಪಿಯುಸಿ, ಓದಿದ್ದೆ ಅಂತ ಕಸ ಗುಡಿಸುವ ಕೆಲಸ ಸಿಕ್ಕಿತು. ಗುಡಿಸುತ್ತಾ ಗುಡಿಸುತ್ತಾ ಲ್ಯಾಬಿನೊಳಗೆ ಬಂದೆ. ಮೊದಲ ದಿನ ಸಾರ್ ನನ್ನ ಕೈ ತೋರಿಸು ಅಂದರು. ಉಗುರು ನೋಡಿದರು. "ಕುರಿ ಹಾಲು ಹಿಂಡಿದ ಕೈ ಐತಿ. ನಡಗಂಗಿಲ್ಲ. ಬಾ" ಅಂದರು. ಅಷ್ಟೇ ಇಂಟರ್‌ವ್ಯೂ.

ಸಾರ್ ಮನೆತನ ಲಿಂಗಾಯತರು, ಹತ್ತಿ ವ್ಯಾಪಾರದವರು. ಅಣ್ಣತಮ್ಮಂದಿರೆಲ್ಲ ಮಂಡಿಯಲ್ಲಿ ಕೂತರೆ ಇವರು ಮಾತ್ರ ಕಾಲೇಜಿಗೆ ಬಂದರು. "ಊರೆಲ್ಲ ಹತ್ತಿ ಮಾರಿ ಬದಕತೈತಿ, ನಮ್ಮ ತಮ್ಮ ಪ್ಲಾಸ್ಟಿಕ್ ಬೆಳಿತಾನ" ಅಂತ ದೊಡ್ಡಣ್ಣ ಬಂದವರ ಮುಂದೆ ಹೇಳಿ ನಗೋರು. ಸಾರ್ ತಾವೂ ನಗೋರು. ಬಿಳೀ ಅಂಗಿ, ಹಣೆಯ ಮೇಲೆ ಕಂಡೂ ಕಾಣದಂಥ ವಿಭೂತಿ. ಬರ್ನರ್ ಹಚ್ಚುವ ಮುಂಚೆ ಕೊರಳಿನ ಶಿವದಾರವನ್ನು ಎಡಗೈಯಿಂದ ಎತ್ತಿ ಬೆನ್ನ ಹಿಂದಕ್ಕೆ ಹಾಕಿಕೊಳ್ಳುತ್ತಿದ್ದರು, ಲಿಂಗ ಬೆಂಕಿಯ ಮೇಲೆ ತೂಗಬಾರದು ಅಂತ. ಆ ಕೈ ಬೆನ್ನಿಗೆ ಹೋಯಿತು ಅಂದರೆ ಕೆಲಸ ಶುರು, ಇನ್ನು ಮಾತಿಲ್ಲ ಅಂತ ಅರ್ಥ. ಪ್ರಿನ್ಸಿಪಾಲರೇ ಬಂದರೂ ಬಾಗಿಲಲ್ಲಿ ನಿಲ್ಲಬೇಕು.

ನಾನು ಶುರುವಿಗೆ ಅವುಗಳನ್ನು ಹುಳ ಅನ್ನುತ್ತಿದ್ದೆ. ಸಾರ್‌ಗೆ ಸಿಟ್ಟು ಬರುತ್ತಿತ್ತು.

"ಹುಳ ಅನಬ್ಯಾಡ ಬೀರವ್ವ. ಹುಳಕ್ಕ ಬಾಯಿ ಇರತೈತಿ. ಇವಕ್ಕ ಬಾಯಿ ಇಲ್ಲ, ಹೊಟ್ಟಿ ಇಲ್ಲ. ಮೈಯೆಲ್ಲಾ ಹೊಟ್ಟಿ."

"ಬಾಯಿ ಇಲ್ಲಾಂದ್ರ ಹೆಂಗ ಉಣತಾವ್ರಿ ಸಾರ್?"

"ನೀರಾಗ ನಿಂತು ಉಣತಾವ. ನಿನಗೂ ಒಂದಿನ ತೋರಸ್ತೀನಿ."

ತೋರಿಸಿದರು. ಊರೂರಿನ ಮಣ್ಣು ತಂದಿದ್ದರು. ಕೋಸಗಿ ಸ್ಟೇಷನ್ನಿನ ಹಿಂದಿನದು, ಸಿ. ಬೆಳಗಲ್ ಹೊಲದ್ದು, ಯಾರ ಯಾರದೋ ತಿಪ್ಪೆಯದು. ಕೊನೆಗೆ ಕೆಲಸಕ್ಕೆ ಬಂದದ್ದು ಆದೋನಿಯಲ್ಲೇ ಹತ್ತಿಬೀಜದ ಎಣ್ಣೆ ಮಿಲ್ಲಿನ ಹಿಂದಿನ ಮೋರಿ ಪಕ್ಕದ ಮಣ್ಣು. ಅದರೊಳಗಿನ ಜೀವಿಗೆ ಒಂದು ಕರಿ ಬಣ್ಣ, ಆಮೇಲೆ ಒಂದು ಕೆಂಪು ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನನ್ನನ್ನು ಕರೆದರು. ಗುಲಾಬಿ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು. ಒಂದೊಂದರ ಹೊಟ್ಟೆಯಲ್ಲೂ ಕರೀ ಚುಕ್ಕಿ, ಎರಡು, ಮೂರು, ತುಂಬಿ ತುಳುಕುವಷ್ಟು.

"ಬಸರಿ ಅದಾವೇನ್ರಿ?" ಅಂದೆ.

"ಅಲ್ಲವ್ವ, ಬುತ್ತಿ ಕಟ್ಕೊಂಡಾವ" ಅಂದರು ಸಾರ್. "ಕೋಸಗಿ ಸ್ಟೇಷನ್ನಾಗ ನೋಡೀಯಲ್ಲ, ದುಡಿಯಾಕ ಹೋಗೋ ಮಂದಿ ಗಂಟು ಗಂಟು ರೊಟ್ಟಿ ಕಟ್ಕೊಂಡು ರೈಲು ಹತ್ತತಾರ. ಮುಂದ ಸಿಗತೈತೋ ಇಲ್ಲೋ ಅಂತ ಅಂಜಿಕಿ. ಇವೂ ಹಂಗ. ಬೆಲ್ಲ ಬೇಕಾದಷ್ಟು ಕೊಡು, ಕಾಳು ಬ್ಯಾಳಿ ಬಂದ್ ಮಾಡು. ಆವಾಗ ಬೆಳಿಯೋದು ಬಿಡತಾವ. ಸಿಕ್ಕ ಬೆಲ್ಲಾನೆಲ್ಲ ಗುಳಿಗಿ ಮಾಡಿ ಮೈಯಾಗ ಇಟ್ಕೊಂತಾವ. ಆ ಗುಳಿಗೀನ ನಮ್ಮ ಪ್ಲಾಸ್ಟಿಕ್ಕು. ಹೊಟ್ಟಿ ತುಂಬ ಉಂಡವು ಬುತ್ತಿ ಕಟ್ಟಂಗಿಲ್ಲ, ನೆಪ್ಪಿಟ್ಕ."

ಈ ಮಾತನ್ನು ನಾನು ನೆನಪಿಟ್ಟುಕೊಂಡೆ ಅಂದುಕೊಂಡಿದ್ದೆ.

ಅವುಗಳ ಕಾಳು ಬೇಳೆ ಅಂದರೆ ಪೆಪ್ಟೋನ್ ಅನ್ನುವ ಹಳದಿ ಪುಡಿ. ಡಬ್ಬಿ ಬೀರುವಿನಲ್ಲಿರುತ್ತಿತ್ತು. ಮೊದಲು ಒಂದು ದಿನ ಅದನ್ನು ಹೊಟ್ಟೆ ತುಂಬ ಕೊಟ್ಟು ಬೆಳೆಸಿ, ಆಮೇಲೆ ಬರೀ ಬೆಲ್ಲದ ನೀರಿಗೆ ಬದಲಾಯಿಸಿ ಮೂರು ನಾಲ್ಕು ದಿನ ಉಪವಾಸ. ಸೀಸೆಗಳನ್ನು ಹಗಲೂ ರಾತ್ರಿ ಅಲುಗಾಡಿಸುವ ಒಂದು ಮಷೀನು ಇತ್ತು, ಅದಕ್ಕೆ ನಾನು ತೊಟ್ಟಿಲು ಅಂತ ಹೆಸರಿಟ್ಟಿದ್ದೆ. ಉಪವಾಸ ಮುಗಿದ ಮೇಲೆ ಜೀವಿಗಳನ್ನು ಇನ್ನೊಂದು ಮಷೀನಿನಲ್ಲಿ ಗಿರಗಿರ ತಿರುಗಿಸಿ, ತಳಕ್ಕೆ ಇಳಿಸಿ, ತೊಳೆದು, ಬ್ಲೀಚಿಂಗ್ ನೀರು ಹಾಕಬೇಕು. ಮೈ ಕರಗಿಹೋಗಿ ಬಿಳೀ ಪುಡಿ ಉಳಿಯುತ್ತದೆ. ಅದನ್ನು ಕ್ಲೋರೋಫಾರಂನಲ್ಲಿ ಕರಗಿಸಿ ಗಾಜಿನ ತಟ್ಟೆಗೆ ಸುರಿದಿಟ್ಟರೆ ಬೆಳಗಾಗುವಷ್ಟರಲ್ಲಿ ಹಾಲಿನ ಕೆನೆಯಂಥ ಹಾಳೆ. ಸಾರ್ ಆ ತಟ್ಟೆಯನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು, ಮದುವೆಗೆ ಸೀರೆ ಆರಿಸುವವರ ಥರ.

ಇದರಿಂದ ಏನೇನಾಗುತ್ತದೆ ಅಂತ ಹುಡುಗರಿಗೆ ಹೇಳಲು ನಿಂತರೆ ಸಾರ್‌ಗೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಹೊಟ್ಟೆಯೊಳಗೆ ಹಾಕುವ ಹೊಲಿಗೆಯ ದಾರ, ಗಾಯ ಮಾಯುವಷ್ಟರಲ್ಲಿ ತಾನೇ ಕರಗುತ್ತದೆ. ಸಸಿ ಚೀಲ, ಹರಿಯದೆ ಹಂಗೇ ನೆಟ್ಟರಾಯಿತು. ಗೊಬ್ಬರದ ಕಾಳಿಗೆ ಮೇಲುಹೊದಿಕೆ, ಬೆಳೆ ಸಾಲಿಗೆ ಹೊದಿಸುವ ಹಾಳೆ, ಮಾತ್ರೆಯ ಕೋಶ. "ಹಂಗಾರ ಎಲ್ಲಾ ಕಡಿ ಇದನ್ನ ಯಾಕ ಮಾಡಂಗಿಲ್ಲ ಸಾರ್?" ಅಂತ ಒಬ್ಬ ಹುಡುಗಿ ಕೇಳಿದಳು. ಸಾರ್ ಎರಡು ಬೆರಳು ಎತ್ತಿದರು. "ಒಂದು, ತುಟ್ಟಿ. ಎರಡು, ಹಟಮಾರಿ." ಹಟಮಾರಿ ಅಂದರೆ ಬಗ್ಗುವುದಿಲ್ಲ. ನಿಜ ಅದು. ಮೊದಲ ಹಾಳೆಯನ್ನು ಮಡಚಲು ಹೋದಾಗ ಹಪ್ಪಳ ಮುರಿದಂಗೆ ಚಟ್ ಅಂತ ಮುರಿಯಿತು. ಸಾರ್ ಎರಡು ತುಂಡನ್ನೂ ಅಂಚಿಗೆ ಅಂಚು ಕೂಡಿಸಿ ನೋಡಿದರು.

ಅವರ ಇನ್ನೊಂದು ಮಾತು, ದಿನಕ್ಕೊಮ್ಮೆಯಾದರೂ ಬರುವಂಥದ್ದು: "ಕೊಳಿಯಾಕ ಬರಬೇಕವ್ವ ವಸ್ತುಕ್ಕ. ಮಾಡೋದು ದೊಡ್ಡದಲ್ಲ." ಕಾಲೇಜಿನ ಹಿತ್ತಲಿನಲ್ಲಿ ಒಂದು ಬೇವಿನ ಮರ. ಅದರ ಬುಡದಲ್ಲಿ ಹಾಳೆಯ ಚೂರುಗಳನ್ನು ಬಲೆಯಲ್ಲಿ ಸುತ್ತಿ ಹೂತು, ಪ್ರತಿ ಅಮಾವಾಸ್ಯೆಗೆ ಒಂದನ್ನು ಅಗೆದು ತೂಗಬೇಕು. ಅಮಾವಾಸ್ಯೆ ಅಂದರೆ ನನಗೆ ಮರೆಯುವುದಿಲ್ಲ ಅಂತ ಸಾರ್ ಆ ಲೆಕ್ಕ ಇಟ್ಟಿದ್ದರು. ಮೊದಲನೆಯದಕ್ಕೆ ತೂತು ಬಿದ್ದಿತ್ತು. ಮೂರನೆಯದು ಜರಡಿಯಾಗಿತ್ತು. ಆಮೇಲೊಂದು ಅಮಾವಾಸ್ಯೆಗೆ ಬಲೆ ಬಿಚ್ಚಿದರೆ ಒಳಗೆ ಮಣ್ಣು ಬಿಟ್ಟರೆ ಏನೂ ಇಲ್ಲ. ನಾನು ಹೆದರಿದೆ, ಎಲ್ಲೋ ಬೀಳಿಸಿದೆ ಅಂತ. ಸಾರ್ ಬಲೆಯನ್ನು ಕೊಡವಿ ಕೊಡವಿ ನೋಡಿ, ಬೇವಿನ ಬುಡದಲ್ಲೇ ಕೂತುಬಿಟ್ಟರು. ಅವತ್ತು ನನಗೂ, ವಾಚ್‌ಮನ್ನಿಗೂ ಮಂಡಕ್ಕಿಯ ಉಗ್ಗಾಣಿ, ಬಜ್ಜಿ ತರಿಸಿದರು.

ತಿನ್ನುತ್ತಾ ಕೂತಾಗ ಅವರ ತಾಯಿಯ ಸುದ್ದಿ ಹೇಳಿದರು. ಒಂದೇ ಸಲ ಹೇಳಿದ್ದು, ಆಮೇಲೆ ಎಂದೂ ಆ ಮಾತು ತೆಗೆಯಲಿಲ್ಲ.

ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಸುತ್ತ ವಿಭೂತಿ, ಬಿಲ್ವಪತ್ರಿ, ಮೂಟೆಗಟ್ಟಲೆ ಉಪ್ಪು. ಸಾರ್ ತಾಯಿ ತೀರಿಕೊಂಡಾಗ ಉಪ್ಪು ಅಂಗಡಿಯ ಪ್ಯಾಕೆಟ್ಟಿನಲ್ಲಿ ಬಂತು. ಹೊತ್ತು ಮುಳುಗುತ್ತಿತ್ತು, ಎಲ್ಲರಿಗೂ ಅವಸರ. ಬಿಚ್ಚಿ ಸುರಿಯುವಷ್ಟು ವ್ಯವಧಾನ ಇಲ್ಲದೆ ಕೆಲವನ್ನು ಹಂಗೇ ಇಳಿಬಿಟ್ಟರು. ಒಂದನ್ನು ಇಳಿಬಿಟ್ಟದ್ದು ಸಾರ್ ಕೈಯೇ. ಹತ್ತು ಹನ್ನೆರಡು ವರ್ಷದ ಮೇಲೆ ತಂದೆಗಾಗಿ ಪಕ್ಕದಲ್ಲೇ ಕುಣಿ ತೋಡುವಾಗ ಗೋಡೆ ಸ್ವಲ್ಪ ಕುಸಿದು ಆ ಪ್ಯಾಕೆಟ್ ಈಚೆ ಬಂತು.

"ಅವ್ವನ ಸೀರಿ ಇರಲಿಲ್ಲ. ಬಳಿ ಇರಲಿಲ್ಲ. ಎಲುವು ಸೈತ ಮಣ್ಣಿನ ಬಣ್ಣ ಆಗಿದ್ವು. ಆ ಕವರು ಮಾತ್ರ ನಿನ್ನೆ ಅಂಗಡಿಯಿಂದ ತಂದಂಗಿತ್ತು ಬೀರವ್ವ. ಕಂಪನಿ ಹೆಸರು ಓದಾಕ ಬರತಿತ್ತು." ಸಾರ್ ಬಜ್ಜಿಯನ್ನು ಕಾಗದದ ಮೇಲೆ ಇಟ್ಟುಬಿಟ್ಟರು. "ನಾ ಇಟ್ಟದ್ದು. ಅವ್ವನ ಜೊತಿ ನಾ ಕಳಿಸಿದ್ದು ಅದೊಂದ ಉಳದೈತಿ."

ಅವರಿಗೆ ದೊಡ್ಡ ಫ್ಯಾಕ್ಟರಿ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದೇ ಒಂದು ಚೀಲ, ಅಂಗೈಯಷ್ಟು. ಮಡಚಿದರೆ ಮುರಿಯಬಾರದು, ಒಂದು ಹಿಡಿ ವಿಭೂತಿ ಹಿಡಿಯಬೇಕು, ಮಣ್ಣಿಗೆ ಹೋದರೆ ಮಣ್ಣಾಗಬೇಕು. ಅದನ್ನು ಮಾಡಿ ತಾಯಿಯ ಗದ್ದಿಗೆಯ ಪಕ್ಕ ಹೂತು ಬರಬೇಕು. ಕೇಳಿದವರು ನಗುತ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದರು. ಊರಿನ ಯಾರ ಮಣ್ಣಿಗೆ ಹೋದರೂ ಕುಣಿಯ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೂವಿನ ಕವರು, ಊದುಬತ್ತಿಯ ಕವರು ಎಲ್ಲ ಆರಿಸಿ ಜೇಬಿಗೆ ತುಂಬಿಕೊಳ್ಳುತ್ತಿದ್ದರಲ್ಲ, ಅದು ಯಾಕೆ ಅಂತ ಅವತ್ತು ತಿಳಿಯಿತು. ಜನ ಅದನ್ನು ಜಿಪುಣತನ ಅಂದುಕೊಂಡಿದ್ದರು.

ಬಗ್ಗುವ ಹಾಳೆ ಬೇಕಾದರೆ ಉಪವಾಸದ ಬೆಲ್ಲದ ಜೊತೆ ಒಂದು ಆಸಿಡ್ಡಿನ ನಾಲ್ಕು ಹನಿ ಕೊಡಬೇಕು. ಬೆವರಿನಲ್ಲಿ ನೆನೆದ ಅಂಗಿಯ ವಾಸನೆ ಅದಕ್ಕೆ. ಹೆಚ್ಚಾದರೆ ಜೀವಿಗಳು ಸಾಯುತ್ತವೆ, ಕಡಿಮೆಯಾದರೆ ಹಾಳೆ ಹಟ ಬಿಡುವುದಿಲ್ಲ. ಆ ಹದ ಸಿಗಲು ಎರಡು ವರ್ಷ ಹಿಡಿಯಿತು. ಒಂದು ದಿನ ಉಗುರಿನಷ್ಟು ಚೂರನ್ನು ಸಾರ್ ನನ್ನ ಅಂಗೈ ಮೇಲೆ ಇಟ್ಟು "ಮಡಚು" ಅಂದರು. ಮಡಚಿದೆ. ಮುರಿಯಲಿಲ್ಲ. "ಬಿಚ್ಚು" ಅಂದರು. ಬಿಚ್ಚಿದೆ. ಗೆರೆ ಬಿದ್ದಿತ್ತು, ಅಷ್ಟೇ. ಸಾರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಅಷ್ಟರಲ್ಲಿ ಅವರು ರಿಟೈರ್ ಆಗುವ ವರ್ಷ ಬಂದಿತ್ತು. ಮೈಕ್ರೋಬಯಾಲಜಿಗೆ ಸೇರುವವರೇ ಇಲ್ಲ ಅಂತ ಕೋರ್ಸು ಮುಚ್ಚಿ, ಆ ಕೋಣೆಯಲ್ಲಿ ಕಂಪ್ಯೂಟರ್ ಇಡುವುದು ಅಂತ ತೀರ್ಮಾನವಾಗಿತ್ತು. ದೀಪಾವಳಿ ರಜೆ ಮುಗಿದ ವಾರ ಕೋಣೆ ಬಿಟ್ಟುಕೊಡಬೇಕು. ಆಸಿಡ್ ಸೀಸೆಯಲ್ಲಿ ಉಳಿದದ್ದು ಒಂದು ಸಲಕ್ಕೆ ಸಾಲುವಷ್ಟು. ಸಾರ್ ರಜೆಗೆ ಮುಂಚೆ ಆರು ದೊಡ್ಡ ಸೀಸೆಗಳನ್ನು ಒಟ್ಟಿಗೇ ತೊಟ್ಟಿಲಿಗೆ ಹಾಕಿದರು. ಆರೂ ಸೇರಿದರೆ ಒಂದು ಅಂಗೈಯಷ್ಟು ಹಾಳೆ, ಒಂದು ಚೀಲ.

"ದಿನಕ್ಕೊಂದ್ಸಲ ಬಂದು ನೋಡು. ಕರೆಂಟ್ ಐತೋ ಇಲ್ಲೋ, ತೊಟ್ಟಿಲು ತೂಗತೈತೋ ಇಲ್ಲೋ. ಬ್ಯಾರೆ ಏನೂ ಮಾಡಬ್ಯಾಡ" ಅಂದರು. ಅವರು ಮಗಳ ಮನೆಗೆ ಕರ್ನೂಲಿಗೆ ಹೋದರು.

ಪಾಡ್ಯದ ದಿನ ನಮ್ಮಲ್ಲಿ ಕುರಿಹಬ್ಬ. ಹಟ್ಟಿ ಸಾರಿಸಿ, ಕುರಿಗಳಿಗೆ ಭಂಡಾರದ ಅರಿಶಿನ ಹಚ್ಚಿ, ಮೊದಲು ಅವಕ್ಕೆ ಎಡೆ ಕೊಟ್ಟು ಆಮೇಲೆ ಮನೆಮಂದಿ ಉಣ್ಣಬೇಕು. ಕಟ್ಟಿಹಾಕಿದ ಜೀವ, ಕೂಡಿಹಾಕಿದ ಜೀವ ಯಾವುದೂ ಅವತ್ತು ಹಸಿದಿರಬಾರದು. ನಮ್ಮವ್ವ ಗೂಡಿನೊಳಗಿನ ಕೋಳಿಗೂ, ಬಾಗಿಲಲ್ಲಿ ಮಲಗಿದ ನಾಯಿಗೂ ಹೋಳಿಗೆ ಮುರಿದು ಹಾಕಿದ ಮೇಲೇ ನಮಗೆ ಕೊಡುತ್ತಿದ್ದಳು. ನಾನು ತವರಿಗೆ ಹೋಗಿ ಪೂಜೆ ಮುಗಿಸಿ, ಶೇರ್ ಆಟೋ, ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಆದೋನಿಗೆ ಬಂದೆ. ಲ್ಯಾಬಿನ ಬಾಗಿಲು ತೆಗೆದರೆ ಸದ್ದಿಲ್ಲದ ಕಾಲೇಜಿನಲ್ಲಿ ತೊಟ್ಟಿಲೊಂದೇ ಗರಗರ ತೂಗುತ್ತಿತ್ತು. ಉಪವಾಸದ ಮೂರನೇ ದಿನ. ನನ್ನ ಕೈಯಲ್ಲಿ ಇನ್ನೂ ಹೋಳಿಗೆಯ ತುಪ್ಪದ ವಾಸನೆ ಇತ್ತು.

ಏನು ಹೇಳಲಿ. ನಾನು ಉಂಡು ಬಂದಿದ್ದೆ, ಅವು ಹಸಿದಿದ್ದವು. ಬಾಯಿಲ್ಲದವು, ಕೇಳಲೂ ಬಾರದವು. ಬಾಗಿಲು ಹಾಕಿದವಳು ನಾನೇ.

ಬೀರು ತೆಗೆದೆ. ಪೆಪ್ಟೋನ್ ಸ್ವಲ್ಪ ನೀರಿಗೆ ಕಲಸಿ, ನಮ್ಮ ಲ್ಯಾಬಿನ ಕುಕ್ಕರಿನಲ್ಲಿ ಇಟ್ಟು, ಬೇಯಿಸಿ, ಆರಿಸಿ, ಬರ್ನರ್ ಹಚ್ಚಿ ಅದರ ಪಕ್ಕದಲ್ಲೇ ಸೀಸೆಯ ಬಾಯಿಗಿಟ್ಟ ಹತ್ತಿ ತೆಗೆದು, ಒಂದೊಂದಕ್ಕೆ ಒಂದೊಂದು ಚಮಚದಷ್ಟು ಬಿಟ್ಟೆ. ಸಾರ್ ಕಲಿಸಿದ ಹಂಗೇ, ಒಂದು ಕೆಟ್ಟ ಗಾಳಿ ಒಳಗೆ ಹೋಗದ ಹಂಗೆ. ಕೈ ನಡುಗಲಿಲ್ಲ. ಸೆರಗಿನ ಗಂಟಿನಿಂದ ಚಿಟಿಕೆ ಭಂಡಾರ ತೆಗೆದು ತೊಟ್ಟಿಲಿನ ಅಂಚಿಗೆ ಹಚ್ಚಿದೆ. ಉಣ್ರಪ್ಪ ಅಂದೆ. ಒಂದು ಹೊತ್ತಿನ ಊಟಕ್ಕೆ ಏನಾಗುತ್ತದೆ, ನಾಳೆಯಿಂದ ಮತ್ತೆ ಉಪವಾಸ ಇದ್ದೇ ಇದೆ ಅಂದುಕೊಂಡೆ. ಸಮಾಧಾನವಾಗಿ ಮನೆಗೆ ಹೋದೆ.

ಸಾರ್ ಬಂದರು. ಸೀಸೆಗಳು ಗಟ್ಟಿ ಮಜ್ಜಿಗೆಯಂತಾಗಿದ್ದವು. "ಇಷ್ಟು ದಪ್ಪ ನಾ ಎಂದೂ ನೋಡಿಲ್ಲ ಬೀರವ್ವ" ಅಂದರು. ತೊಟ್ಟಿಲಿನ ಅಂಚಿನ ಹಳದಿ ಕಂಡರು. ನಗುತ್ತಾ, "ಪೂಜಿ ಮಾಡಿಯೇನು?" ಅಂದರು.

"ಹೂಂ ಸಾರ್."

"ಚೊಲೋ ಮಾಡಿದಿ" ಅಂದರು.

ಶಿವದಾರ ಬೆನ್ನಿಗೆ ಹೋಯಿತು. ತಿರುಗಿಸಿದರು, ತೊಳೆದರು, ಬ್ಲೀಚಿಂಗ್ ನೀರು ಹಾಕಿದರು. ಮೈ ಕರಗಿತು. ಕರಗುತ್ತಲೇ ಹೋಯಿತು. ಕೊನೆಗೆ ಗಾಜಿನೊಳಗೆ ಕುಡಿಯುವ ನೀರಿನಷ್ಟು ತಿಳಿ. ಬಿಳೀ ಪುಡಿ ತಳದಲ್ಲಿ ಒಂದು ಗೆರೆ, ಉಗುರಿನಿಂದ ಕೆರೆದರೆ ಮುಗಿಯುವಷ್ಟು. ಉಳಿಸಿಟ್ಟಿದ್ದ ಹನಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿಗೆ ಬಗ್ಗಿದರು. ಎದ್ದು ನನಗೆ ಜಾಗ ಬಿಟ್ಟರು. ಗುಲಾಬಿ ಕಡ್ಡಿಗಳು, ಲಕ್ಷೋಪಲಕ್ಷ. ಕರೀ ಚುಕ್ಕಿ ಒಂದೂ ಇಲ್ಲ. ಹೊಟ್ಟೆ ತುಂಬ ಉಂಡಿದ್ದವು. ಕಟ್ಟಿಕೊಂಡಿದ್ದ ಬುತ್ತಿಯನ್ನೂ ಬಿಚ್ಚಿ ಉಂಡು ಮಕ್ಕಳು ಮರಿ ಮಾಡಿದ್ದವು. ಆ ಕಣ್ಣುಗಾಜಿನೊಳಗೆ ನೋಡುತ್ತಾ ನಿಂತಾಗಲೇ ನನಗೆ ತಿಳಿಯಿತು, ಕೆಡಿಸಿದ್ದು ನಾನು ಅಂತ.

"ಮರ್ತಾವ" ಅಂದರು ಸಾರ್. "ವರ್ಷಗಟ್ಟಲೆ ಸೀಸೇದಿಂದ ಸೀಸೇಕ್ಕ ಹಾಕಿ ಹಾಕಿ ಸಾಕಿದ್ರ ಕೆಲವು ಮರೀತಾವ. ಕೂಡಿಡೋ ಗುಣಾನ ಹೋಗತೈತಿ. ನಾ ಓದಿದ್ದೆ, ನನ್ನ ಕೈಯಾಗ ಆಗಲಿಕ್ಕಿಲ್ಲ ಅಂದ್ಕೊಂಡಿದ್ದೆ."

ನಾನು "ಇನ್ನೊಂದ್ಸಲ ನೋಡೋಣಲ್ರಿ ಸಾರ್" ಅಂದೆ. ಅಷ್ಟೇ ಅಂದದ್ದು.

"ಆಸಿಡ್ ಎಲ್ಲೈತಿ? ಕ್ವಾಣಿ ಎಲ್ಲೈತಿ?" ಅಂದರು.

ಬೀರುವಿನ ಪಕ್ಕದ ತಂಪುಪೆಟ್ಟಿಗೆಯಲ್ಲಿ ಹದಿನಾಲ್ಕು ಸಣ್ಣ ಕೊಳವೆಗಳಿದ್ದವು. ಅದೇ ಜೀವಿಯ ತಾಯಿಬೀಜ. ಸಾರ್ ಅದನ್ನು ಬಳ್ಳಾರಿಯ ಒಬ್ಬ ಹಳೇ ಶಿಷ್ಯೆಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದರು. ಅವಳ ಕಾಲೇಜಿನಲ್ಲಿ ಕೋಣೆಯೂ ಇತ್ತು, ಆಸಿಡ್ಡೂ ಇತ್ತು. ಸಾರ್ ಪೆಟ್ಟಿಗೆ ತೆಗೆದು ಮೇಜಿನ ಮೇಲೆ ಇಟ್ಟರು.

"ನಾವು ಹತ್ತಿ ಮಂದಿ. ನಕಲಿ ಬೀಜ ಕೊಟ್ಟು ಒಬ್ಬರ ವರ್ಷ ಹಾಳು ಮಾಡೋದಕ್ಕಿಂತ ಪಾಪ ಇಲ್ಲ" ಅಂದರು. "ಕುಕ್ಕರಿಗೆ ನೀರು ಹಾಕು."

ಹಾಕಿದೆ. ಅವರೇ ಒಂದೊಂದಾಗಿ ಕೊಳವೆ ಇಟ್ಟರು. ಮುಚ್ಚಳ ತಿರುಗಿಸಿದರು. ಒಲೆ ಹಚ್ಚಿದ್ದು ನಾನು. ಸೀಟಿ ಬರುವ ತನಕ ಸಮಯವಿತ್ತು. ಒಂದು ಮಾತು, 'ನಿಲ್ರಿ' ಅನ್ನುವುದೊಂದು ಸಾಕಾಗಿತ್ತು. ಆದರೆ ಆ ವಾರವೇ ನನ್ನನ್ನು ಕಂಪ್ಯೂಟರ್ ಕೋಣೆಗೆ ಹಾಕುವುದೋ ಮನೆಗೆ ಕಳಿಸುವುದೋ ಅಂತ ಪ್ರಿನ್ಸಿಪಾಲರು ತೀರ್ಮಾನ ಮಾಡುವುದಿತ್ತು. ಸಾರ್ ಹೇಳಿದರೆ ಇರುತ್ತಿದ್ದೆ, ಸಾರ್ ಬೇಡ ಅಂದರೆ ಇಲ್ಲ. ಅದೂ ಹೋಗಲಿ, ಅದಕ್ಕಿಂತ ಹೆಚ್ಚಾಗಿ, ನಡುಗದ ಕೈ ಅಂತ ನಂಬಿದವರ ಮುಂದೆ ಕೆಡಿಸಿದ್ದು ಈ ಕೈಯೇ ಅನ್ನಲಾಗಲಿಲ್ಲ. ಸೀಟಿ ಹೊಡೆಯಿತು. ಸಾರ್ ವಾಚು ನೋಡಿಕೊಂಡರು. ಹದಿನೈದು ನಿಮಿಷ ಇಬ್ಬರೂ ಅದರ ಮುಂದೆ ನಿಂತಿದ್ದೆವು. ಸಾರ್ ಎರಡೂ ಕೈ ಜೋಡಿಸಿಕೊಂಡಿದ್ದರು.

ಕಂಪ್ಯೂಟರ್ ಕೋಣೆಯಲ್ಲಿ ನನಗೆ ಕೆಲಸ ಉಳಿಯಿತು. ಸಾರ್ ಹೇಳಿ ಉಳಿಸಿದರು.

ಎರಡು ವರ್ಷದ ಮೇಲೆ ಹೇಳಿಬಿಡಬೇಕು ಅಂತಲೇ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಸಾರ್ ಕಟ್ಟೆಯ ಮೇಲೆ ಕೂತು ಹಳೇ ಪಂಚೆ ಹರಿದು ಚೀಲ ಹೊಲಿಯುತ್ತಿದ್ದರು. ಮೈ ಇಳಿದಿತ್ತು, ಹೊಲಿಗೆ ಮಾತ್ರ ನೆಟ್ಟಗಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಶುರು ಮಾಡಿದರು.

"ಆವಾಗ ಭಾಳ ದಿನ ನಿದ್ದಿ ಬರಲಿಲ್ಲ ಬೀರವ್ವ. ಸಾಕಿದವನ್ನ ಕುದಿಸಿ ಕೊಂದೆನಲ್ಲ ಅಂತ. ಈಗ ಸಮಾಧಾನ ಆಗೈತಿ. ಅವು ತಾವಾಗೇ ಮರ್ತಿದ್ವು. ಗುಣ ಹೋದ ಮ್ಯಾಲೆ ಉಳಿದಿದ್ದು ಬರೇ ಹೆಸರು. ನಾ ಕೊಂದಿದ್ದು ಹೆಸರನ್ನಷ್ಟ."

ಈಗ ಹೇಳಿ, ನಾನು ಏನು ಮಾಡಬೇಕಾಗಿತ್ತು? ನಾನು ನಿಜ ಹೇಳಿದರೆ ಹದಿನಾಲ್ಕು ಕೊಳವೆ ಒಳ್ಳೇ ಬೀಜವನ್ನು ತಮ್ಮ ಕೈಯಾರೆ ಕುದಿಸಿದೆ ಅಂತ ಅವರಿಗೆ ತಿಳಿಯುತ್ತಿತ್ತು. ಅವರ ಶಾಂತಿ ಒಡೆ ಅಂತ ಯಾವ ದೇವರೂ ನನಗೆ ಹೇಳಲಿಲ್ಲ. ಅಮ್ಮನವರು, ಸಾರ್ ಹೆಂಡತಿ, ಚಹಾ ತಂದುಕೊಟ್ಟರು. ಕುಡಿದೆ, ಬಂದೆ. ಪಾಪ ಅನ್ನಿಸಿ ಕೆಡಿಸಿದೆ, ಪಾಪ ಅನ್ನಿಸಿಯೇ ಬಾಯಿ ಮುಚ್ಚಿಕೊಂಡೆ. ಬಸ್ಸಿನಲ್ಲಿ ಕೂತಾಗ ನೆನಪಾಯಿತು, ಬಳ್ಳಾರಿಯ ಆ ಶಿಷ್ಯೆಗೆ ಬೀಜ ಹೋಗಿದ್ದರೆ ಈಗ ಚೀಲ ಆಗಿಬಿಟ್ಟಿರುತ್ತಿತ್ತು ಅಂತ.

ಹೋದ ಮಾಘದಲ್ಲಿ ಸುದ್ದಿ ಬಂತು. ಆದೋನಿಯ ಹೊರಗೆ ಅವರ ಹಿರೀಕರ ಹೊಲದಲ್ಲಿ, ತಾಯಿ ತಂದೆಯ ಪಕ್ಕದಲ್ಲೇ ಕುಣಿ ತೋಡಿದ್ದರು. ಮಣ್ಣಿಗೆ ಬಹಳ ಜನ ಬಂದಿದ್ದರು. ಬಿಡಿ ಉಪ್ಪು ತರಬೇಕು, ಕವರು ಬೇಡ ಅಂತ ಸಾರ್ ಮೊದಲೇ ಹೇಳಿಟ್ಟಿದ್ದರಂತೆ. ಆದರೆ ಬಿಡಿ ಉಪ್ಪು ಈಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ಅಳಿಯ ಪಾಪ, ಅರ್ಧ ಆದೋನಿ ತಿರುಗಿ ಕೊನೆಗೆ ಪ್ಯಾಕೆಟ್ಟುಗಳನ್ನೇ ತಂದಿದ್ದ. ನಾನು ಹೆಂಗಸರ ಗುಂಪು ಬಿಟ್ಟು ಆ ರಟ್ಟಿನ ಪೆಟ್ಟಿಗೆಗಳ ಪಕ್ಕ ಕೂತೆ. ಒಂದೊಂದನ್ನೇ ಹಲ್ಲಿನಿಂದ ಹರಿದು ಉಪ್ಪನ್ನು ಬುಟ್ಟಿಗೆ ಸುರಿದೆ. ತುಟಿಯೆಲ್ಲ ಉರಿಯುತ್ತಿತ್ತು. ಖಾಲಿ ಕವರುಗಳನ್ನು ಮಡಿಲಿಗೆ ಹಾಕಿಕೊಂಡೆ. ಯಾರೋ "ಯಾರಾಕಿ ಇಕಿ?" ಅಂದರು. ಅಮ್ಮನವರು ದೂರದಿಂದ ನೋಡಿ "ಬಿಡ್ರಿ, ಮಾಡಲಿ" ಅಂದರು.

ಸಾರ್ ಅವರನ್ನು ಕೂರಿಸಿದರು. ವಿಭೂತಿ ಇಟ್ಟರು, ಪತ್ರಿ ಇಟ್ಟರು, ಉಪ್ಪು ಸುರಿದರು. ಮೂರು ಹಿಡಿ ಮಣ್ಣು ಬಿತ್ತು. ನಾನೂ ಮಣ್ಣು ಹಾಕಲು ದಂಡೆಗೆ ಬಂದು ಬಗ್ಗಿದೆ. ಅವರ ಎಡಮೊಣಕಾಲಿನ ಹತ್ತಿರ, ಉಪ್ಪಿನೊಳಗೆ ಅರ್ಧ ಮುಳುಗಿ, ಒಂದು ಪ್ಯಾಕೆಟ್ ಹಂಗೇ ಕೂತಿತ್ತು. ನಾನು ದಂಡೆಗೆ ಬರುವ ಮುಂಚೆಯೇ ಯಾರೋ ಭಕ್ತಿಯಿಂದ ಇಳಿಬಿಟ್ಟಿದ್ದರು. ಸಲಿಕೆಯವರು ಮಣ್ಣು ಎಳೆಯಲು ಶುರು ಮಾಡಿದ್ದರು.

"ನಿಲ್ರಿ" ಅಂದೆ.

ಸಲಿಕೆ ನಿಂತವು. ದೊಡ್ಡಣ್ಣನವರು ಕೋಲೂರಿಕೊಂಡು ತಿರುಗಿ ನೋಡಿದರು. ಸ್ವಾಮಿಗಳು ಮಂತ್ರ ನಿಲ್ಲಿಸಿದರು. ನಾನು ಕೈ ತೋರಿಸಿದೆ. ಕುಣಿ ತೋಡಿದ ಆಳು ಗೊಣಗುತ್ತಲೇ ಒಳಗಿಳಿದು ಅದನ್ನು ಎತ್ತಿಕೊಟ್ಟ. ಹರಿದು, ಉಪ್ಪನ್ನು ನನ್ನ ಕೈಯಿಂದಲೇ ಸುರಿದೆ. ಕವರು ಕೈಯಲ್ಲಿ ಉಳಿಯಿತು. ಅಲ್ಲೇ ಕೂತು ಅತ್ತೆ, ಎಲ್ಲರ ಮುಂದೆ ಅತ್ತೆ. ಅಂದು ಕುಕ್ಕರಿನ ಮುಂದೆ ಬೇಕಾಗಿದ್ದದ್ದೂ ಇದೇ ಒಂದು ಮಾತು. ಇಷ್ಟು ಜನರ ಮುಂದೆ ಬಂದದ್ದು ಅಂದು ಒಬ್ಬರ ಮುಂದೆ ಬರಲಿಲ್ಲ.

ಮೂರನೇ ದಿನ ಅಮ್ಮನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಪಾಡ್ಯ, ಪೆಪ್ಟೋನು, ಭಂಡಾರ, ಹದಿನಾಲ್ಕು ಕೊಳವೆ. ಅವರು ಕೇಳುತ್ತಾ ಕೇಳುತ್ತಾ ಸಾರ್ ಹೊಲಿದ ಒಂದು ಬಟ್ಟೆಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಸವರುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನಗ್ಯಾಕ ಹೇಳತಿ ಬೀರವ್ವ" ಅಂದರು. "ಅವರಿಗೆ ಹೇಳಬೇಕಿತ್ತು. ಅವ್ರು ಕಡೀತನಕ 'ನನ್ನ ಕೈಯಾಗ ಏನೋ ತಪ್ಪೈತಿ, ನಾ ಏನ ಹಿಡದ್ರೂ ಗುಣ ಕಳಕೊಂತೈತಿ' ಅಂತಿದ್ರು."

ನನ್ನ ಮುಂದೆ ಸಮಾಧಾನ ಅಂದವರು ಮನೆಯಲ್ಲಿ ಹಿಂಗೆ ಅನ್ನುತ್ತಿದ್ದರು. ನನಗೆ ನೋವಾಗಬಾರದು ಅಂತ ನನ್ನ ಮುಂದೆ ಅವರೂ ಬಾಯಿ ಮುಚ್ಚಿಕೊಂಡಿದ್ದರೇನೋ. ಅಮ್ಮನವರು ಒಳಗೆ ಹೋಗಿ ಒಂದು ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. ಒಳಗೆ ಆ ಹಳೇ ಉಪ್ಪಿನ ಕವರು, ತಾಯಿಯ ಕುಣಿಯಿಂದ ಬಂದದ್ದು. ಅದರೊಳಗೆ ಮಡಚಿಟ್ಟ ಉಗುರಿನಷ್ಟು ಹಾಳೆ, ಗೆರೆ ಬಿದ್ದದ್ದು, ಮುರಿಯದ್ದು.

ಮೊನ್ನೆ ಅಮಾವಾಸ್ಯೆ. ಬೇವಿನ ಮರದ ಬುಡಕ್ಕೆ ಹೋದೆ. ಆ ಚೂರನ್ನು ಬಲೆಯಿಲ್ಲದೆ, ಗುರುತಿಲ್ಲದೆ ಹೂತೆ. ಇನ್ನು ಅಗೆದು ನೋಡುವವರು ಯಾರೂ ಇಲ್ಲ, ತೂಗುವವರೂ ಇಲ್ಲ. ಕೈಗೆ ಹತ್ತಿದ ಮಣ್ಣನ್ನು ತೊಳೆಯದೆ ಅಲ್ಲೇ ಕೂತು, ಆ ಎರಡು ಮಾತು ಹೇಳಿದೆ.

ಸಾರ್, ಅವು ಏನೂ ಮರ್ತಿರಲಿಲ್ರಿ. ನಾ ಉಣ್ಣಾಕ ಇಟ್ಟಿದ್ದೆ.